ಸಾಫ್ಟ್‌ನರ್‌ಗೆ ಎಷ್ಟು ಉಪ್ಪು? ಬೋರಿನ ನೀರನ್ನೇ ಕೇಳಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂದರೆ ಹೊರಗಿನವರಿಗೆ ಕೃಷ್ಣೆ-ಘಟಪ್ರಭೆಯ ಕಬ್ಬಿನ ಸೀಮೆ. 1989ರಲ್ಲಿ ಜಮಖಂಡಿ ಭಾಗದ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು. ಆ ದಂಡೆಯವರಿಗೆ ಹೊಳೆ ನೀರಿನ ಅನುಕೂಲವಿದೆ. ಹೊಳೆಯಿಂದ ನಾಲ್ಕಾರು ಮೈಲಿ ಈಚೆ ಬಂದರೆ ತೋಟದ ಮನೆಗಳಿಗೆ ಬೋರೇ ಗತಿ. ಆ ನೀರು ಎಂಥದು ಅಂತ ಹೆಣ್ಣುಮಕ್ಕಳನ್ನು ಕೇಳಿ. ಬ್ಯಾಳಿ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಹಂಡೆಯ ತಳಕ್ಕೆ ಸುಣ್ಣದ ಹೆಕ್ಕಳೆ, ಗೀಜರಿನ ಕಾಯಿಲು ಕೈಕೊಡುತ್ತದೆ, ಸೋಲಾರಿನ ಕೊಳವೆ ಕಟ್ಟುತ್ತದೆ.

ಮುಧೋಳ-ಬೀಳಗಿ ಕಡೆ ಇದಕ್ಕೆ ಕಾರಣ ಕಾಲ ಕೆಳಗೇ ಇದೆ. ಲೋಕಾಪುರದ ಸುತ್ತಮುತ್ತ ಸುಣ್ಣಗಲ್ಲು, ಡಾಲೊಮೈಟು. ಭೂವಿಜ್ಞಾನಿಗಳು ಕಲಾದಗಿ ಸ್ತರ ಅನ್ನುತ್ತಾರೆ. ಸುಣ್ಣಗಲ್ಲಿನಿಂದ ಕ್ಯಾಲ್ಸಿಯಂ, ಡಾಲೊಮೈಟಿನಿಂದ ಕ್ಯಾಲ್ಸಿಯಂ ಜೊತೆಗೆ ಮ್ಯಾಗ್ನೀಸಿಯಂ ಕರಗಿ ನೀರಿಗೆ ಇಳಿಯುತ್ತವೆ. ಈ ಎರಡೇ ನೀರಿನ ಗಡಸುತನ. ಬನಹಟ್ಟಿ, ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುವವರಿಗೂ, ಸಕ್ಕರೆ ಕಾರ್ಖಾನೆಯ ಬಾಯ್ಲರ್ ನೋಡುವವರಿಗೂ ಈ ಕಾಟ ಹಳೆಯದು, ಇದಕ್ಕೆ ಸಾಫ್ಟ್‌ನರ್ ಎಂಬ ಮದ್ದೂ ಹಳೆಯದು. ಈಗ ಅದರ ಸಣ್ಣ ರೂಪ ನಮ್ಮ ಮನೆಗಳಿಗೆ ಬಂದಿದೆ.

ಬಂದಿದೆ ಸರಿ. ಆದರೆ ಅದನ್ನು ಕೂಡಿಸಿ ಹೋಗುವವರು ಎಲ್ಲರ ಮನೆಯಲ್ಲೂ ಒಂದೇ ಸೆಟ್ಟಿಂಗ್ ಇಟ್ಟು ಹೋಗುತ್ತಾರೆ. ನಮ್ಮ ತೋಟದ ಮನೆಗೆ ಬಂದ ಹುಡುಗ, "ದಿನಾ ಬಿಟ್ಟು ದಿನಾ ತೊಳಿಲಿ ಬಿಡ್ರಿ ಕಾಕಾ, ಉಪ್ಪ ಏನು ಮಹಾ, ನೀರು ಮೆತ್ತಗ ಬರ್ತಾವು" ಅಂದ. ಉಪ್ಪು ಅಗ್ಗ, ನಿಜ. ಆದರೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ಬೆಂಗಳೂರಿನ ಮಹಡಿ ಮನೆಯವರಿಗೆ ಮುಖ್ಯವಲ್ಲದಿದ್ದರೂ, ಹಿತ್ತಿಲಲ್ಲಿ ಬಾಳೆ, ತೆಂಗು, ನಿಂಬೆ ಇಟ್ಟುಕೊಂಡ ನಮಗೆ ಮುಖ್ಯ.

ರೆಸಿನ್ನೂ ಎರೆ ಮಣ್ಣೂ ಒಂದೇ ಜಾತಿ

ಸೆಟ್ಟಿಂಗಿಗೆ ಕೈ ಹಾಕುವ ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಸಾಫ್ಟ್‌ನರಿನ ಉದ್ದನೆಯ ಟ್ಯಾಂಕಿನಲ್ಲಿ ಸಾಸಿವೆಗಿಂತ ಸಣ್ಣ ಹಳದಿ-ಕಂದು ಮಣಿಗಳಿವೆ. ಇದೇ ರೆಸಿನ್. ಪ್ರತಿ ಮಣಿಯೂ ಸೋಡಿಯಂ ಹಿಡಿದುಕೊಂಡು ಕೂತಿರುತ್ತದೆ. ಗಡಸು ನೀರು ಹಾಯ್ದಾಗ ಮಣಿ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಹಿಡಿದು ಸೋಡಿಯಂ ಬಿಟ್ಟುಕೊಡುತ್ತದೆ. ಮಣಿಯ ಸೋಡಿಯಂ ಮುಗಿದಾಗ ಡಬ್ಬಿಯಲ್ಲಿನ ಗಟ್ಟಿ ಉಪ್ಪು ನೀರು ಹಾಯಿಸಿದರೆ ವ್ಯವಹಾರ ತಿರುವುಮುರುವು: ಸೋಡಿಯಂ ಮತ್ತೆ ಮಣಿಗೆ, ಸುಣ್ಣ ಹೊರಗೆ. ಇದಕ್ಕೆ ರೀಜನರೇಶನ್ ಅಂತಾರೆ. ನಾನು ತೊಳೆತ ಅನ್ನುತ್ತೇನೆ.

ಈ ವಿದ್ಯೆ ಮೊದಲು ಕಂಡದ್ದು ಕಾರ್ಖಾನೆಯಲ್ಲಲ್ಲ, ಮಣ್ಣಿನಲ್ಲಿ. 1850ರ ಹೊತ್ತಿಗೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್ ಮಣ್ಣು ತುಂಬಿದ ಕೊಳವೆಯ ಮೇಲೆ ಅಮೋನಿಯಂ ಸಲ್ಫೇಟ್ ನೀರು ಹಾಕಿ ನೋಡಿದ. ಕೆಳಗೆ ಇಳಿದು ಬಂದದ್ದು ಜಿಪ್ಸಂ ನೀರು. ಮಣ್ಣು ಅಮೋನಿಯ ಹಿಡಿದು ತನ್ನ ಕ್ಯಾಲ್ಸಿಯಂ ಬಿಟ್ಟುಕೊಟ್ಟಿತ್ತು. ಜೆ. ಟಿ. ವೇ ಎಂಬ ರಸಾಯನಶಾಸ್ತ್ರಜ್ಞ ಅದನ್ನೇ ಮುಂದುವರಿಸಿದ. ನೀರು ಮೆದು ಮಾಡುವ ಮಣಿ ಬಂದದ್ದು ಅದಾದ ಅರ್ಧ ಶತಮಾನದ ಮೇಲೆ.

ನಮ್ಮ ಎರೆ ಮಣ್ಣಿನ ಜೇಡಿ ಈ ಕೊಡು-ಕೊಳ್ಳುವಿಕೆಯಲ್ಲಿ ಬಲು ಚುರುಕು. ಅದರ ಮೈಮೇಲೆ ಕ್ಯಾಲ್ಸಿಯಂ ಇದ್ದಾಗ ಮಣ್ಣು ಹೆಂಟೆ ಒಡೆದು ಪುಡಿಯಾಗುತ್ತದೆ, ನೀರು ಇಂಗುತ್ತದೆ. ಸೋಡಿಯಂ ಬಂದು ಕೂತರೆ ಕಣಗಳು ಬಿಡಿಸಿಕೊಂಡು ರಾಡಿಯಾಗುತ್ತವೆ, ಒಣಗಿದಾಗ ಕಲ್ಲು. ಮೇಲೆ ಹಾಕಿದ ನೀರು ಮೇಲೆಯೇ ನಿಲ್ಲುತ್ತದೆ. ಘಟಪ್ರಭೆಯ ಕಾಲುವೆ ಕೆಳಗೆ, ಹೊಳೆ ದಂಡೆಗೆ ನಾವು ಸವಳು ಅಂತ ಕೈಬಿಟ್ಟ ಎಷ್ಟೋ ಹೊಲದ ಕತೆ ಇದೇ. ಅದಕ್ಕೆ ಜಿಪ್ಸಂ ಹಾಕಿ, ಬಸಿಗಾಲುವೆ ತೋಡಿ, ನೀರು ನಿಲ್ಲಿಸಿ ತೊಳೆಯುತ್ತೇವಲ್ಲ, ಅದು ಮಣ್ಣಿನ ತೊಳೆತ. ಅಲ್ಲಿ ಸೋಡಿಯಂ ಓಡಿಸಲು ಕ್ಯಾಲ್ಸಿಯಂ ಕೊಡುತ್ತೇವೆ. ಮನೆಯಲ್ಲಿ ಕ್ಯಾಲ್ಸಿಯಂ ಓಡಿಸಲು ಸೋಡಿಯಂ ಕೊಡುತ್ತೇವೆ. ಹೊಲಕ್ಕೆ ದುಡ್ಡು ಕೊಟ್ಟು ತರುವ ಸುಣ್ಣಾಂಶವನ್ನೇ ಬಚ್ಚಲಿನಲ್ಲಿ ದುಡ್ಡು ಕೊಟ್ಟು ಕಳೆಯುತ್ತಿದ್ದೇವೆ ಅಂದರೂ ತಪ್ಪಿಲ್ಲ.

ಆದ್ದರಿಂದ ಸೆಟ್ಟಿಂಗ್ ಸರಿಮಾಡುವುದು ಅಂದರೆ ನನ್ನ ಪ್ರಕಾರ ಒಂದೇ ಅರ್ಥ: ಮನೆಗೆ ಸಾಕಾಗುವಷ್ಟೇ ಮೆದುಮಾಡಿ, ಉಪ್ಪು ಆದಷ್ಟು ಕಡಿಮೆ ಸುರಿಯುವುದು.

ಮೊದಲು ಅಳತೆ

ನಿಮ್ಮ ಬೋರಿನ ಗಡಸುತನ ಗೊತ್ತಿಲ್ಲದೆ ಯಾವ ಗುಂಡಿಯನ್ನೂ ಒತ್ತಬೇಡಿ. ಜಲಜೀವನ ಯೋಜನೆಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ನಡೆಸಲು ಹೆಣ್ಣುಮಕ್ಕಳಿಗೆ ತರಬೇತಿಯೂ ಆಗಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಪ್ರಯೋಗಾಲಯಕ್ಕೆ ಕೊಟ್ಟರೆ ಇನ್ನೂ ಖಚಿತ. ಗಡಸುತನಕ್ಕೆ ಮಾತ್ರವಾದರೆ ಹನಿ ಹಾಕಿ ನೋಡುವ ಸಣ್ಣ ಕಿಟ್ ಸಾಕು. ನೀರಿಗೆ ಬಣ್ಣದ ಪುಡಿ ಹಾಕಿದಾಗ ದ್ರಾಕ್ಷಿ ರಸದಂತೆ ಕೆಂಪಾಗುತ್ತದೆ, ಔಷಧ ಹನಿಹನಿಯಾಗಿ ಬಿಟ್ಟಂತೆ ಒಂದು ಹನಿಗೆ ನೀಲಿಗೆ ತಿರುಗುತ್ತದೆ. ಎಷ್ಟು ಹನಿ ಹಿಡಿಯಿತು ಅನ್ನುವುದರ ಮೇಲೆ ಲೆಕ್ಕ.

ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಉತ್ತರ ಬರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ (2012ರದು) 200 ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಲೆಕ್ಕಕ್ಕೆ ಅಂತ ಇಲ್ಲಿ 700 ಹಿಡಿದುಕೊಳ್ಳುತ್ತೇನೆ. ನಿಮ್ಮದು ಎಷ್ಟೋ ಅದನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ಒಂದು ಎಚ್ಚರ. ತಲೆಯ ಮೇಲೆ ಡಿಜಿಟಲ್ ಗಡಿಯಾರ ಇರುವ ಕೆಲವು ಯಂತ್ರಗಳು ಮಿಲಿಗ್ರಾಂ ಕೇಳುವುದಿಲ್ಲ, ಅಮೆರಿಕದ ಅಳತೆ ಕೇಳುತ್ತವೆ, ಗ್ಯಾಲನ್ನಿಗೆ ಇಷ್ಟು ಗ್ರೇನ್ ಅಂತ. ಮಿಲಿಗ್ರಾಂ ಸಂಖ್ಯೆಯನ್ನು 17.1ರಿಂದ ಭಾಗಿಸಿದರೆ ಗ್ರೇನ್ ಬರುತ್ತದೆ. 700 ಅಂದರೆ 41. ಗ್ರೇನ್ ಕೇಳುವ ಜಾಗದಲ್ಲಿ 700 ಒತ್ತಿದರೆ ಯಂತ್ರ ಹಗಲು ರಾತ್ರಿ ತೊಳೆಯುತ್ತಾ ಕೂಡುತ್ತದೆ. ಕೈಯಿಂದ ತಿರುವುವ ವಾಲ್ವಿನವರಿಗೆ ಈ ತಾಪತ್ರಯವಿಲ್ಲ, ಅವರಿಗೆ ದಿನದ ಲೆಕ್ಕ ಸಾಕು.

ಉಪ್ಪಿನ ಲೆಕ್ಕ

ಐದು ಮಂದಿಯ ಮನೆ, ಸ್ನಾನ-ಬಟ್ಟೆ-ಪಾತ್ರೆಗೆ ಸೇರಿ ದಿನಕ್ಕೆ 400 ಲೀಟರ್ ಮೆದು ನೀರು ಸಾಕು ಅಂತ ಇಟ್ಟುಕೊಳ್ಳಿ. ಪಾಯಿಖಾನೆ, ಅಂಗಳ, ದನದ ಬಾನಿ, ಗಿಡ ಇವು ಯಾವುದಕ್ಕೂ ಮೆದು ನೀರು ಬೇಡ. ಸಾಫ್ಟ್‌ನರಿನ ಹಿಂದೆಯೇ ಒಂದು ಟೀ ಹಾಕಿ ಅವಕ್ಕೆ ನೇರ ಬೋರಿನ ಪೈಪು ಕೊಡಿ. ಅರ್ಧ ಉಪ್ಪು ಉಳಿಸುವ ಕೆಲಸ ಈ ಒಂದು ಟೀಯಿಂದಲೇ ಆಗುತ್ತದೆ, ಯಾವ ಗುಂಡಿಯನ್ನೂ ಮುಟ್ಟದೆ.

400 ಲೀಟರಿನಲ್ಲಿ ಲೀಟರಿಗೆ 700 ಮಿಲಿಗ್ರಾಂ ಅಂದರೆ ದಿನಕ್ಕೆ 280 ಗ್ರಾಂ ಸುಣ್ಣ ತೆಗೆಯಬೇಕು. ರೆಸಿನ್ 25 ಲೀಟರ್ ಇದೆ ಅನ್ನಿ. (ಎಷ್ಟು ಲೀಟರ್ ರೆಸಿನ್ ಅಂತ ಬಿಲ್ಲಿನಲ್ಲೋ ಟ್ಯಾಂಕಿನ ಚೀಟಿಯಲ್ಲೋ ಇರುತ್ತದೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.)

ರೆಸಿನ್ ಎಷ್ಟು ಸುಣ್ಣ ಹಿಡಿಯುತ್ತದೆ ಅನ್ನುವುದು ನೀವು ಎಷ್ಟು ಉಪ್ಪಿನಲ್ಲಿ ತೊಳೆದಿರಿ ಅನ್ನುವುದರ ಮೇಲಿದೆ. ಲೀಟರ್ ರೆಸಿನ್ನಿಗೆ 100 ಗ್ರಾಂ ಉಪ್ಪು ಕೊಟ್ಟರೆ ಸುಮಾರು 45 ಗ್ರಾಂ ಸುಣ್ಣ ಹಿಡಿಯುತ್ತದೆ. 160 ಗ್ರಾಂ ಕೊಟ್ಟರೆ 55ರ ಮೇಲೆ ಸ್ವಲ್ಪ. 240 ಗ್ರಾಂ ಕೊಟ್ಟರೂ 65-68ಕ್ಕೆ ನಿಲ್ಲುತ್ತದೆ. ಯೂರಿಯಾ ಹಾಕಿದಂತೆಯೇ ಇದು. ಮೊದಲ ಚೀಲಕ್ಕೆ ಬೆಳೆ ಕೊಡುವಷ್ಟು ಉತ್ತರ ಮೂರನೆಯ ಚೀಲಕ್ಕೆ ಕೊಡುವುದಿಲ್ಲ, ಹೆಚ್ಚಾದದ್ದು ನೀರಿನ ಜೊತೆ ಹೋಗುತ್ತದೆ.

ಕೂಡಿಸುವವರು ಸಾಮಾನ್ಯವಾಗಿ ಮೇಲಿನ ಅಂಚಿಗೆ ಇಡುತ್ತಾರೆ. ನಮ್ಮ 25 ಲೀಟರಿಗೆ ಅದು ಸಲಕ್ಕೆ 6 ಕಿಲೋ. ದಿನ ಬಿಟ್ಟು ದಿನ ತೊಳೆದರೆ ವರ್ಷಕ್ಕೆ 182 ತೊಳೆತ, ಹೆಚ್ಚುಕಡಿಮೆ ಒಂದು ಟನ್ನು ಉಪ್ಪು. ಒಂದು ಟನ್ನು! ಹೊಲಕ್ಕೆ ಅಷ್ಟು ಸೊಪ್ಪು-ಗೊಬ್ಬರ ಹೊರಲು ಬೇಸರ ಪಡುವ ನಾವು ಮನೆಗೆ ಅಷ್ಟು ಉಪ್ಪು ಹೊತ್ತು ತಂದು ಗಟಾರಕ್ಕೆ ಸುರಿಯುವುದು.

ನಾನು ಲೀಟರಿಗೆ 120 ಗ್ರಾಂ, ಅಂದರೆ ಸಲಕ್ಕೆ 3 ಕಿಲೋಗೆ ಇಳಿಸಿದೆ. ಆಗ 25 ಲೀಟರ್ ರೆಸಿನ್ 1200 ಗ್ರಾಂ ಚಿಲ್ಲರೆ ಸುಣ್ಣ ಹಿಡಿಯುತ್ತದೆ. ದಿನಕ್ಕೆ 280ರಂತೆ ನಾಲ್ಕು ದಿನ ಸಲೀಸು. ವರ್ಷಕ್ಕೆ 91 ತೊಳೆತ, 273 ಕಿಲೋ. ಇನ್ನೂ ಕೆಳಗೆ ಇಳಿಸಬಹುದಲ್ಲ ಅಂತ ಕೇಳಬಹುದು. ನಮ್ಮಂಥ ಬಹಳ ಗಡಸು, ಸವಳೂ ಇರುವ ನೀರಿಗೆ ಉಪ್ಪು ತೀರ ಕಡಿಮೆಯಾದರೆ ಮಣಿಯ ಸಂದಿಯಿಂದ ಗಡಸು ನುಸುಳುತ್ತದೆ. 100 ಗ್ರಾಂ ಕೆಳಗೆ ಹೋಗುವುದು ನನಗೆ ಸರಿ ಕಾಣಲಿಲ್ಲ.

3 ಕಿಲೋ ಉಪ್ಪು ಅಂತ ಯಂತ್ರಕ್ಕೆ ಹೇಳುವುದು ಹೇಗೆ? ಡಬ್ಬಿಯಲ್ಲಿ ಉಪ್ಪು ಎಷ್ಟೇ ಇರಲಿ, ತೊಳೆತಕ್ಕೆ ಹೋಗುವುದು ಕರಗಿದ್ದು ಮಾತ್ರ. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪು ಕರಗಿಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಅದರ ಕೈಯಲ್ಲಿ ಆಗದು. ಹಾಗಾಗಿ 3 ಕಿಲೋ ಬೇಕಾದರೆ ಡಬ್ಬಿಗೆ ಬೀಳುವ ನೀರನ್ನು ಎಂಟು ಲೀಟರಿಗೆ ನಿಲ್ಲಿಸಿದರೆ ಆಯಿತು. ಯಂತ್ರದಲ್ಲಿ ಇದು 'ರೀಫಿಲ್' ಅಥವಾ 'ಬ್ರೈನ್ ರೀಫಿಲ್' ಅಂತ ನಿಮಿಷದಲ್ಲಿರುತ್ತದೆ. ಡಬ್ಬಿಗೆ ಹೋಗುವ ಕೊಳವೆಯ ತುದಿ ಬಿಚ್ಚಿ ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆಯಿರಿ. ನಿಮಿಷಕ್ಕೆ ಎರಡು ಲೀಟರ್ ಬಂದರೆ ನಾಲ್ಕು ನಿಮಿಷ. ಪುಸ್ತಕದಲ್ಲಿನ ನಿಮಿಷ ನಂಬಬೇಡಿ, ನಿಮ್ಮ ನೀರಿನ ಒತ್ತಡ ಬೇರೆ. ಕೈ ವಾಲ್ವಿನವರು ಬೇರೆ ಬಕೆಟ್ಟಿನಲ್ಲಿ ಉಪ್ಪು ತೂಗಿ ಕರಗಿಸಿ, ತಿಳಿಯನ್ನಷ್ಟೇ ಎಳೆಸಿದರೆ ಇನ್ನೂ ನಿಖರ. ನೀರು ಬಿದ್ದ ಕೂಡಲೇ ತೊಳೆತ ಶುರು ಮಾಡಬೇಡಿ, ಉಪ್ಪು ಕರಗಲು ಎರಡು-ಮೂರು ತಾಸು ಬೇಕು. ಹರಳುಪ್ಪು ಒಳ್ಳೆಯದು. ಪುಡಿ ಉಪ್ಪು ಡಬ್ಬಿಯಲ್ಲಿ ಗೂಡು ಕಟ್ಟಿ ಕೆಳಗೆ ಪೊಳ್ಳಾಗುತ್ತದೆ, ಮೇಲೆ ನೋಡಿದರೆ ತುಂಬಿದಂತೆ ಕಾಣುತ್ತದೆ. ಮಣ್ಣು ಬೆರೆತ ಉಪ್ಪು ಸಣ್ಣ ತೂತು ಕಟ್ಟಿಸುತ್ತದೆ.

ಪೂರ್ತಿ ಮೆದು ಬೇಡ

ನನ್ನ ನೆರೆಹೊರೆಯ ಬಹಳ ಮಂದಿ ಬಿಟ್ಟುಬಿಡುವ ಸೆಟ್ಟಿಂಗ್ ಇದು. ವಾಲ್ವಿನಲ್ಲೋ ಬೈಪಾಸಿನಲ್ಲೋ ಬೋರಿನ ನೀರನ್ನು ಸ್ವಲ್ಪ ಬೆರೆಸಿಕೊಳ್ಳುವ ತಿರುಪು ಇರುತ್ತದೆ. ಇಲ್ಲದಿದ್ದರೆ ಸಣ್ಣ ಕಾಕು ಹಾಕಿಸಿಕೊಳ್ಳಬಹುದು. ನೀರು ಸೊನ್ನೆಗೆ ಇಳಿದರೆ ಸಾಬೂನು ಜಿಡ್ಡು ಮೈಯಿಂದ ಹೋಗುವುದೇ ಇಲ್ಲ ಅಂತ ಮನೆಯಲ್ಲಿ ಬೈಯುತ್ತಾರೆ. 150ಕ್ಕೆ ನಿಲ್ಲಿಸಿದರೆ ಬ್ಯಾಳಿಯೂ ಬೇಯುತ್ತದೆ, ನೊರೆಯೂ ಬರುತ್ತದೆ, ಹೆಕ್ಕಳೆಯೂ ಬಹಳ ಕಡಿಮೆ. 700ರ ನೀರಿಗೆ ಐದರಲ್ಲಿ ಒಂದು ಪಾಲು ಬೋರಿನದು ಬೆರೆತರೆ ಹತ್ತಿರ ಬರುತ್ತದೆ. ತಿರುಪನ್ನು ಕಾಲು ಸುತ್ತಿನಂತೆ ತಿರುವಿ ಕಿಟ್‌ನಲ್ಲಿ ನೋಡುತ್ತಾ ಹೋಗಿ.

ಈಗ ತೆಗೆಯಬೇಕಾದ ಸುಣ್ಣ ದಿನಕ್ಕೆ 220 ಗ್ರಾಂ. ಅದೇ 3 ಕಿಲೋ ಉಪ್ಪಿಗೆ ಐದು ದಿನ ಬರುತ್ತದೆ. ವರ್ಷಕ್ಕೆ 73 ತೊಳೆತ, 219 ಕಿಲೋ. ಟನ್ನಿನಿಂದ ಐದನೇ ಒಂದು ಪಾಲಿಗೆ ಬಂದೆವು. ಮೀಟರ್ ಇರುವ ಯಂತ್ರದವರು ಒಂದು ಸೂಕ್ಷ್ಮ ಗಮನಿಸಿ: ಬೆರೆತ ನೀರು ಮೀಟರಿನ ಮೂಲಕವೇ ಹೋಗುತ್ತಿದ್ದರೆ ಗಡಸುತನ 550 (32 ಗ್ರೇನ್) ಅಂತ ಕೊಡಿ. ರೆಸಿನ್ ದಾಟಿದ ನೀರನ್ನು ಮಾತ್ರ ಮೀಟರ್ ಅಳೆಯುತ್ತಿದ್ದರೆ 700ನ್ನೇ ಬಿಡಿ.

ಲೆಕ್ಕ ಸರಿಯಾಯಿತೋ ಇಲ್ಲವೋ ಅಂತ ಐದನೆಯ ದಿನ ಸಂಜೆ ನೋಡಬೇಕು, ತೊಳೆದ ಮರುದಿನವಲ್ಲ. ಮರುದಿನ ಎಂಥ ಸೆಟ್ಟಿಂಗೂ ಚೆನ್ನಾಗಿಯೇ ಕಾಣುತ್ತದೆ. ಕಿಟ್ ಇಲ್ಲದಿದ್ದರೆ ಅರ್ಧ ಬಾಟಲಿ ನೀರಿಗೆ ನಾಲ್ಕು ಹನಿ ಸಾಬೂನು ನೀರು ಹಾಕಿ ಕುಲುಕಿ. ನೊರೆ ನಿಂತರೆ ಒಂದು ದಿನ ಮುಂದೂಡಿ ನೋಡಿ. ಹಾಲಿನಂತೆ ಕದಡಿದರೆ ಒಂದು ದಿನ ಹಿಂದೆ ತನ್ನಿ.

ರಾತ್ರಿ ಎರಡು ಗಂಟೆಯ ತೊಳೆತ

ಕಂಪನಿಯವರು ತೊಳೆತದ ಹೊತ್ತನ್ನು ನಡುರಾತ್ರಿ ಎರಡು ಗಂಟೆಗೆ ಇಟ್ಟಿರುತ್ತಾರೆ, ಮನೆಯವರು ನೀರು ಬಳಸದ ಹೊತ್ತು ಅಂತ. ನಮ್ಮಲ್ಲಿ ಎರಡು ತೊಡಕು. ಕರೆಂಟು ಹೋಗಿ ಬಂದರೆ ಬ್ಯಾಟರಿ ಇಲ್ಲದ ಗಡಿಯಾರ ಹಿಂದೆ ಬೀಳುತ್ತದೆ, ಎರಡು ಗಂಟೆ ಯಾವಾಗಲೋ ಬೆಳಗಿನ ಸ್ನಾನದ ಹೊತ್ತಿಗೆ ಬರುತ್ತದೆ. ಇನ್ನೊಂದು ಒತ್ತಡ. ಡಬ್ಬಿಯ ಉಪ್ಪು ನೀರನ್ನು ಮೋಟರು ಎಳೆಯುವುದಿಲ್ಲ, ಹರಿಯುವ ನೀರಿನ ರಭಸವೇ ಸಣ್ಣ ಕಂಡಿಯಲ್ಲಿ ಎಳೆಯಬೇಕು. ಅದಕ್ಕೆ ಬಹಳ ಯಂತ್ರಗಳು ಒಂದೂವರೆ-ಎರಡು ಕಿಲೋ ಒತ್ತಡ ಕೇಳುತ್ತವೆ. ಮಾಳಿಗೆ ಮೇಲಿನ ಟಾಕಿ ಹತ್ತು ಮೀಟರ್ ಎತ್ತರವಿದ್ದರೆ ಒಂದು ಕಿಲೋ. ನಮ್ಮ ಟಾಕಿಗಳು ಮೂರ್ನಾಲ್ಕು ಮೀಟರ್. ರಾತ್ರಿ ಯಂತ್ರ ಟಕ್ ಟಕ್ ಅಂತ ತಿರುಗುತ್ತದೆ, ನೀರೂ ಹೋಗುತ್ತದೆ, ಉಪ್ಪು ಮಾತ್ರ ಅಲ್ಲಾಡುವುದಿಲ್ಲ. ಬೆಳಿಗ್ಗೆ ನೋಡಿ "ಮಷಿನ್ ಕೆಟ್ಟತಿ" ಅಂತಾರೆ. ಹಗಲು ಪಂಪು ಓಡುವ ಹೊತ್ತಿಗೆ ತೊಳೆತ ಇಡಿ, ಅಥವಾ ಸಣ್ಣ ಬೂಸ್ಟರ್ ಪಂಪಿನ ಹೊತ್ತಿಗೆ ಹೊಂದಿಸಿ. ಉಪ್ಪು ಎಳೆಯುತ್ತಿದೆಯೇ ಅಂತ ಡಬ್ಬಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ ಒಮ್ಮೆ ಕಣ್ಣಾರೆ ನೋಡಿ.

ಹಿತ್ತಿಲಿಗೆ ಯಾವ ನೀರು

ಎರಡು ದಾರಿಯಲ್ಲಿ ಉಪ್ಪು ಹೊರಬೀಳುತ್ತದೆ. ಒಂದು ತೊಳೆತದ ನೀರು, ಇದು ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಕಾಣುವುದಿಲ್ಲ, ಅದು ಬಚ್ಚಲ ನೀರು. 100 ಮಿಲಿಗ್ರಾಂ ಗಡಸು ತೆಗೆದಾಗ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಮ್ಮ ಲೆಕ್ಕದಲ್ಲಿ 550 ತೆಗೆದೆವು, ಅಂದರೆ 253. ವರ್ಷಕ್ಕೆ 37 ಕಿಲೋ ಸೋಡಿಯಂ, ರುಚಿಗೂ ಅಷ್ಟಾಗಿ ಗೊತ್ತಾಗದಂತೆ, ಬಚ್ಚಲಿನಿಂದ ಬಾಳೆಯ ಬುಡಕ್ಕೆ. ನಮ್ಮ ಕಡೆ ಬಚ್ಚಲ ನೀರು ಹಿತ್ತಿಲಿಗೆ ಬಿಡುವುದು ಅಜ್ಜನ ಕಾಲದ ಪದ್ಧತಿ, ಒಳ್ಳೆಯ ಪದ್ಧತಿ. ಸಾಫ್ಟ್‌ನರ್ ಬಂದ ಮೇಲೆ ಮಾತ್ರ ಅದನ್ನು ಯೋಚಿಸಿ ಮಾಡಬೇಕು. ಒಂದು ಕಿಲೋ ಸೋಡಿಯಂ ಓಡಿಸಲು ಮುಕ್ಕಾಲು ಕಮ್ಮಿ ನಾಲ್ಕಲ್ಲ, ಕಾಲು ಕಮ್ಮಿ ನಾಲ್ಕು ಕಿಲೋ ಜಿಪ್ಸಂ ಬೇಕು. 37ಕ್ಕೆ 140 ಕಿಲೋ ಹತ್ತಿರ. ಅದೂ ಬಸಿದು ಹೋಗಲು ದಾರಿ ಇದ್ದರೆ.

ನಾನು ಮಾಡಿಕೊಂಡದ್ದು ಹೀಗೆ. ಹಿತ್ತಿಲಿನ ಗಿಡಕ್ಕೆ ಬೋರಿನ ಗಡಸು ನೀರೇ. ಅದರ ಸುಣ್ಣ ಎರೆ ಮಣ್ಣಿಗೆ ಶತ್ರುವಲ್ಲ. (ಬೋರಿನ ನೀರಿನಲ್ಲೇ ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿದ್ದರೆ ಮಾತು ಬೇರೆ, ನೀರಾವರಿಗೆ ಬೇರೆಯೇ ಪರೀಕ್ಷೆ ಮಾಡಿಸಿ.) ಬಚ್ಚಲ ನೀರು ನಾಲ್ಕು ತೆಂಗಿಗೆ ಮಾತ್ರ ಹೋಗುತ್ತದೆ, ತೆಂಗು ಉಪ್ಪು ತಡೆಯುವ ಮರ. ಅಲ್ಲಿ ವರ್ಷಕ್ಕೊಮ್ಮೆ ಜಿಪ್ಸಂ ಹಾಕಿ ಮಳೆಗೆ ಬಿಡುತ್ತೇನೆ. ನಿಂಬೆಗೆ ಒಂದು ತಂಬಿಗೆಯೂ ಇಲ್ಲ. ಅದು ಉಪ್ಪಿಗೆ ಬಹಳ ಬೇಗ ಎಲೆ ಸುಟ್ಟುಕೊಳ್ಳುತ್ತದೆ.

ತೊಳೆತದ ನೀರಿನಲ್ಲೂ ಎಲ್ಲವೂ ಉಪ್ಪಲ್ಲ. ಮೊದಲ ಹತ್ತು ನಿಮಿಷದ ಬ್ಯಾಕ್‌ವಾಶ್ ಬರೀ ಬೋರಿನ ನೀರು, ಗಿಡಕ್ಕೆ ಬಿಡಬಹುದು. ಉಪ್ಪು ಎಳೆಯುವ, ನಿಧಾನ ತೊಳೆಯುವ ಆ ಒಂದು ತಾಸಿನ 70-80 ಲೀಟರೇ ವಿಷ. ಊರೊಳಗೆ ಗಟಾರ ಇದ್ದವರು ಅಲ್ಲಿಗೆ ಬಿಡುತ್ತಾರೆ. ತೋಟದ ಮನೆಯವರು ಇಂಗುಗುಂಡಿಗೆ, ಬೋರಿನ ಹತ್ತಿರ, ಗೋಬರ್ ಗ್ಯಾಸಿಗೆ, ತಿಪ್ಪೆಗೆ ಬಿಡಲೇಬಾರದು. ಇಂಗುಗುಂಡಿಗೆ ಬಿಟ್ಟ ಉಪ್ಪು ಅದೇ ಬೋರಿನಿಂದ ಮರಳಿ ನಿಮ್ಮ ಮನೆಗೇ ಬರುತ್ತದೆ. ಎರಡು ಮೀಟರ್ ಅಗಲ ಮೂರು ಮೀಟರ್ ಉದ್ದದ ತಗ್ಗಿಗೆ ದಪ್ಪ ತಾಡಪಾಲು ಹಾಸಿ ಒಣಗಲು ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಮೇಲೆ ತಗಡು. ಇದು ಸಮುದ್ರದ ಉಪ್ಪಿನಂತೆ ಪೂರ್ತಿ ಒಣಗುವುದಿಲ್ಲ, ಸುಣ್ಣದ ಕ್ಲೋರೈಡು ಗಾಳಿಯ ತೇವ ಹೀರಿ ಅಂಟಂಟಾಗಿ ಉಳಿಯುತ್ತದೆ. ದನ ನೆಕ್ಕದಂತೆ ಬೇಲಿ ಬೇಕು. ವರ್ಷಕ್ಕೆ ನಾಲ್ಕು ಚೀಲದಷ್ಟು ಬಗ್ಗಡ. ಚೀಲ ಕಟ್ಟಿ ಪಟ್ಟಣದ ಕಸದ ಗಾಡಿಗೆ ಕೊಡುತ್ತೇನೆ. ಟನ್ನು ಸುರಿಯುವ ಸೆಟ್ಟಿಂಗಿನಲ್ಲಿ ಅದೇ ಇಪ್ಪತ್ತು ಚೀಲ ಆಗುತ್ತಿತ್ತು.

ಕುಡಿಯಲು ಮೆದು ನೀರು ನಾವು ಬಳಸುವುದಿಲ್ಲ. ರಕ್ತದೊತ್ತಡದವರು ಮನೆಯಲ್ಲಿದ್ದರೆ ಅಡಿಗೆಗೂ ಡಾಕ್ಟರನ್ನು ಕೇಳುವುದು ಒಳ್ಳೆಯದು. ಫ್ಲೋರೈಡು, ನೈಟ್ರೇಟು, ಸವಳು ರುಚಿ ಇವು ಯಾವುದನ್ನೂ ಸಾಫ್ಟ್‌ನರ್ ತೆಗೆಯುವುದಿಲ್ಲ.

ಉಪ್ಪಿನ ಬದಲು ಪೊಟ್ಯಾಶ್ ಹಾಕಿದರೆ ಬಾಳೆಗಾದರೂ ಆಗುತ್ತದಲ್ಲ ಅಂತ ಜಾಣರು ಕೇಳುತ್ತಾರೆ. ರೆಸಿನ್ನು ಪೊಟ್ಯಾಶಿಯಂ ಕ್ಲೋರೈಡಿನಲ್ಲೂ ನಡೆಯುತ್ತದೆ, ತೂಕ ಕಾಲು ಪಾಲು ಹೆಚ್ಚು ಬೇಕು. ಆದರೆ ಗೊಬ್ಬರದ ಅಂಗಡಿಯ ಕೆಂಪು ಪೊಟ್ಯಾಶಿನ ಕೆಸರು ಕಂಡಿ ಕಟ್ಟಿಸುತ್ತದೆ, ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವಂತೆಯೂ ಇಲ್ಲ. ಶುದ್ಧವಾದದ್ದು ಕೊಂಡರೆ ದುಬಾರಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಆ ನೀರು ಕುಡಿಯಲು ಬೇಡವೇ ಬೇಡ.

ಕೊನೆಯದಾಗಿ, ಒಮ್ಮೆ ಇಟ್ಟ ಸೆಟ್ಟಿಂಗ್ ವರ್ಷವಿಡೀ ನಡೆಯುವುದಿಲ್ಲ. ಮೇ ತಿಂಗಳಲ್ಲಿ ಬೋರು ಆಳಕ್ಕೆ ಇಳಿದಾಗಿನ ನೀರೇ ಬೇರೆ, ಮಳೆ ಆಗಿ ಕಾಲುವೆ ಹರಿದ ಮೇಲಿನದೇ ಬೇರೆ. ಯುಗಾದಿ ಆದ ಮೇಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ಕಿಟ್ ತೆಗೆದು ನೋಡಿ, ಬಂದ ಅಂಕಿಯನ್ನು ಉಪ್ಪಿನ ಡಬ್ಬಿಯ ಮುಚ್ಚಳದ ಮೇಲೆ ಪೇಂಟಿನಲ್ಲಿ ತಾರೀಖು ಸಮೇತ ಬರೆದಿಡಿ. ಸರ್ವೀಸಿಗೆ ಬರುವ ಹುಡುಗನಿಗೆ ಅದನ್ನೇ ತೋರಿಸಿ.